ಸೋಮವಾರದ ಗಂಡು ದನಿ

ನಮ್ಮ ಬೀದಿಗೆ ಸೋಮವಾರ ನೀರು ಬರುವ ದಿನ. ವಾರಕ್ಕೊಮ್ಮೆ ಬಿಡುವ ಆ ನೀರು ಛಾವಣಿಯ ಟ್ಯಾಂಕಿಗೆ ಏರುತ್ತಿರುವಾಗಲೇ ಬಟ್ಟೆ ಒಗೆದು, ಕಾರ್ಪೆಟ್ ಉಜ್ಜಿ, ಮೆಟ್ಟಿಲು ತೊಳೆದು ಮುಗಿಸಬೇಕು. ಕರಕ್ ಊರಿನಲ್ಲಿ ನೀರಿನ ದಿನ ಕೈಕಟ್ಟಿ ಕೂರುವ ಹೆಂಗಸು ಕಾಯಿಲೆಯವಳಾಗಿರಬೇಕು, ಇಲ್ಲವೇ ಮೈಗಳ್ಳಿಯಾಗಿರಬೇಕು. ಅಂಥ ಸೋಮವಾರ, ಇಳಿಹೊತ್ತಿನ ಅಸರ್ ನಮಾಜು ಮುಗಿದದ್ದೇ ತಡ, ನನ್ನ ವಾರಗಿತ್ತಿ ಇಬ್ತಿಹಾಲ್ ಒದ್ದೆ ಬಟ್ಟೆಯ ಬುಟ್ಟಿಯನ್ನು ಮೆಟ್ಟಿಲ ಮೇಲೆ ಹಾಗೇ ಬಿಟ್ಟು, ಮಗಳ ಕೈ ಹಿಡಿದು ಮೇಲಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರೆ ನಮ್ಮತ್ತೆಗೆ ಅನುಮಾನ ಬರದೆ ಇನ್ನೇನು ಬರಬೇಕು?

ಬಾಗಿಲು ಹಾಕಿದ್ದರೂ ಹೋಗಲಿ ಎನ್ನಬಹುದಿತ್ತು. ಒಳಗಿಂದ ಗಂಡಸಿನ ದನಿ ಬರುತ್ತಿತ್ತು. ಅದರ ಹಿಂದೆಯೇ ಇವಳ ನಗು.

ಅತ್ತೆ ಹಜ್ಜಾ ವಸ್ಫಿಯಾ ಕೆಳಮನೆಯಲ್ಲಿದ್ದಾರೆ. ನಡುವಿನ ಮನೆ ನಮ್ಮದು: ನಾನು, ನನ್ನ ಗಂಡ ಗಾಲಿಬ್, ಮೂವರು ಗಂಡುಮಕ್ಕಳು. ಹಿರಿಯವನು ಮಾಲಿಕ್, ಹಾಗಾಗಿ ನನಗೆ ಉಮ್ಮ್ ಮಾಲಿಕ್, ಅಂದರೆ ಮಾಲಿಕನ ತಾಯಿ, ಎಂದೇ ಹೆಸರು. ಮೇಲಿನದು ನನ್ನ ಮೈದುನ ಅಯ್ಮನನದು. ಅವನು ಮರುಭೂಮಿ ಹೆದ್ದಾರಿಯಲ್ಲಿ ಲಾರಿ ಉರುಳಿ ಹೋಗಿಬಿಟ್ಟ. ಅವನ ಹೆಂಡತಿ ಇಬ್ತಿಹಾಲ್, ಮೂರನೇ ತರಗತಿಯ ಮಗಳು ಬಯಾನ್, ಇಬ್ಬರೇ ಅಲ್ಲಿ. ಒಲೆ ಮೂರಿದ್ದರೂ ಅಡಿಗೆ ಕೆಳಗೊಂದೇ ಕಡೆ. ಅತ್ತೆಯ ಕಣ್ಣು ತಪ್ಪಿಸಿ ಈ ಮನೆಯಲ್ಲಿ ಒಂದು ಈರುಳ್ಳಿಯೂ ಬೇಯುವುದಿಲ್ಲ.

"ಯಾರೇ ಅವನು?" ಎಂದು ಅತ್ತೆ ನನ್ನನ್ನು ಕೇಳಿದರು. ಇಬ್ಬರೂ ಅಂಗಳದಲ್ಲಿ ಉಪ್ಪಿಗೆ ಹಾಕಲು ಆಲಿವ್ ಕಾಯಿ ಜಜ್ಜುತ್ತಿದ್ದೆವು.

"ಕತೆ ಬರೆಯೋರಂತೆ ಅತ್ತೆ. ಅಮ್ಮಾನಿನವರು. ಸೋಮವಾರ ಸೋಮವಾರ ಫೋನಲ್ಲಿ ನೇರವಾಗಿ ಬಂದು ಮಕ್ಕಳಿಗೆ ಓದಿ ಹೇಳ್ತಾರಂತೆ, ಮಕ್ಕಳ ಕೈಲೂ ಓದಿಸ್ತಾರಂತೆ. ಶಾಲೆ ಟೀಚರೇ ಕಳಿಸಿದ್ದು."

"ಕತೆ ಓದೋದಕ್ಕೆ ಬಾಗಿಲು ಯಾಕೆ ಹಾಕ್ಬೇಕು?"

"ನನ್ನ ಮಕ್ಕಳು ಗಲಾಟೆ ಮಾಡ್ತಾರಂತೆ."

"ಮಾಡ್ತಾರೆ, ನಿಜ" ಎಂದರು ಅತ್ತೆ. ನನಗೆ ಉರಿಯಿತು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. "ಮಗುಗೆ ಓದು ಕಲಿಸ್ತಿದಾನೋ, ಅಮ್ಮನಿಗೆ ನಗು ಕಲಿಸ್ತಿದಾನೋ, ಹೋಗಿ ನೋಡ್ಕೊಂಡು ಬಾ."

ನಮ್ಮತ್ತೆಯ ಭಯ ಏನೆಂದು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವರು ಬರೀ ಕೆಟ್ಟ ಮುದುಕಿಯಂತೆ ಕಾಣುತ್ತಾರೆ. ಇಬ್ತಿಹಾಲ್ ಮರುಮದುವೆಯಾದರೆ ಬಯಾನ್ ನಮ್ಮ ಪಾಲಿಗೆ ಬರುವುದಿಲ್ಲ, ಇಬ್ತಿಹಾಲಳ ತಾಯಿಯ ಪಾಲಾಗಿ ದೂರದ ಅಕಬಾಕ್ಕೆ ಹೋಗುತ್ತಾಳೆ ಎಂದು ಕೋರ್ಟಿನಲ್ಲಿ ಕೆಲಸ ಮಾಡುವ ನೆಂಟನೊಬ್ಬ ಅವರ ಕಿವಿಗೆ ಹಾಕಿದ್ದ. ಅಯ್ಮನನ ಮೂಗು, ಅಯ್ಮನನ ಹುಬ್ಬು, ಅಯ್ಮನನ ಹಾಗೆಯೇ ಒಂದು ಭುಜ ಎತ್ತಿ ನಡೆಯುವ ಆ ಮಗು ಬಿಟ್ಟರೆ ಅತ್ತೆಗೆ ಆ ಮಗನದೆಂದು ಉಳಿದಿರುವುದು ಗೋಡೆಯ ಮೇಲಿನ ಫೋಟೋ ಒಂದೇ.

ಮುಂದಿನ ಸೋಮವಾರ ಒಂದು ತಟ್ಟೆ ಆಲಿವ್ ಹಿಡಿದು ಮೇಲೆ ಹೋದೆ. ತಟ್ಟಿದೆ. ಇಬ್ತಿಹಾಲ್ ಬಾಗಿಲು ತೆಗೆದು ಬೆರಳು ತುಟಿಯ ಮೇಲಿಟ್ಟು ಕೂರಿಸಿದಳು. ಫೋನು ಸಕ್ಕರೆ ಡಬ್ಬಕ್ಕೆ ಒರಗಿತ್ತು. ಫೋನಿನಲ್ಲಿ ಮನೆಯವರ ಮುಖ ಊರಿಗೆಲ್ಲ ಕಾಣಬಾರದು ಎಂದು ಅತ್ತೆ ಹಿಂದಿನಿಂದಲೂ ಕಟ್ಟಪ್ಪಣೆ ಮಾಡಿದ್ದರಿಂದ ಕ್ಯಾಮೆರಾದ ಮೇಲೆ ಗಾಯದ ಪಟ್ಟಿ ಅಂಟಿಸಿದ್ದರು. ಪರದೆಯಲ್ಲಿ ದುಂಡು ಮುಖದ, ನರೆತ ಗಡ್ಡದ ಗಂಡಸೊಬ್ಬ ಕತ್ತೆಯ ದನಿಯಲ್ಲಿ ಮಾತಾಡುತ್ತಿದ್ದ. ನೀರು ಹೊರಲಾರೆ ಎಂದು ಹಟ ಹಿಡಿದ ಕತ್ತೆಯ ಕತೆ. ಪಕ್ಕದಲ್ಲಿ ಚಿಕ್ಕ ಚಿಕ್ಕ ಚೌಕಗಳಲ್ಲಿ ಎಲ್ಲೆಲ್ಲಿಯದೋ ಮಕ್ಕಳು.

"ಈಗ ಕತ್ತೆ ಏನಂತು, ಬಯಾನ್ ಓದ್ತಾಳೆ" ಎಂದ ಅವನು.

ಬಯಾನ್ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅಪ್ಪ ಹೋದ ಮೇಲೆ ಶಾಲೆಯಲ್ಲಿ ಬಾಯಿಯೇ ತೆರೆಯದೆ, ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುತ್ತೇವೆ ಎಂದು ಟೀಚರ್ ಹೇಳಿಕಳಿಸಿದ್ದ ಮಗು. ಅದು ಓದಿತು, ನನ್ನ ಎದುರಿಗೇ, ಕೊನೆಯಲ್ಲಿ ಕತ್ತೆಯಂತೆ ಕೂಗಿಯೂ ಕೂಗಿತು. ಇಬ್ತಿಹಾಲ್ ನಕ್ಕಳು.

"ಬಯಾನಿನ ಅಮ್ಮ ನಕ್ಕಿದ್ದು ಕೇಳಿಸ್ತು" ಎಂದ ಆ ಕತೆಗಾರ, ಹೆಸರು ಉಸ್ತಾದ್ ಸುಫ್ಯಾನ್. "ಹಾಗಾದ್ರೆ ಕತ್ತೆ ಗೆದ್ದ ಹಾಗೆ."

ನಾನು ಆಲಿವ್ ತಟ್ಟೆ ಅಲ್ಲೇ ಬಿಟ್ಟು ಕೆಳಗಿಳಿದೆ. ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಒಂದಕ್ಷರ ಸೇರಿಸಲಿಲ್ಲ. ಅವರು ಒಂದನ್ನೇ ಹಿಡಿದುಕೊಂಡರು.

"ಅಷ್ಟೊಂದು ಮಕ್ಕಳು, ಅಷ್ಟೊಂದು ತಾಯಂದಿರು. ಅವನಿಗೆ ಇವಳ ನಗುವೇ ಹೇಗೆ ಗುರುತು ಸಿಕ್ತು?"

ನಿಜ ಹೇಳಬೇಕೆಂದರೆ ನನಗೂ ಅದೇ ಕೊರೆಯುತ್ತಿತ್ತು.

ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಪ್ರತಿಯೊಂದಕ್ಕೂ ಕಣ್ಣು. ಸೋಮವಾರ ಇಬ್ತಿಹಾಲಳ ಅಡಿಗೆ ಸರದಿ. ಬೇಗ ಮುಗಿಯಲೆಂದು ಅವಳು ಪ್ರತಿವಾರ ಮಸೂರ ಬೇಳೆಯ ಅನ್ನವನ್ನೇ ಮಾಡುತ್ತಿದ್ದಳು, ಮೇಲೆ ಒಂದಿಷ್ಟು ಹುರಿದ ಈರುಳ್ಳಿ, ಪಕ್ಕಕ್ಕೆ ಮೊಸರು.

"ಮತ್ತೆ ಬೇಳೆ" ಎಂದರು ಅತ್ತೆ, ಎಲ್ಲರೂ ಕೂತಿರುವಾಗಲೇ. "ದುಡಿದು ಬರೋ ಗಂಡಸಿಗೆ ಸೋಮವಾರ ಬಂತು ಅಂದ್ರೆ ಬೇಳೆ."

"ನಂಗಿಷ್ಟ ಯಮ್ಮಾ" ಎಂದ ಗಾಲಿಬ್.

"ನಿಂಗೆ ಕಲ್ಲು ಕೊಟ್ರೂ ಇಷ್ಟ. ಕೂಸಾ ಕಾಯಿ ಕೊರೆದು ಅಕ್ಕಿ ಮಾಂಸ ತುಂಬೋಕೆ ಪುರುಸೊತ್ತಿಲ್ಲ, ತಲೆ ತೊಳ್ಕೊಳ್ಳೋಕೆ ಪುರುಸೊತ್ತಿದೆ."

ಇಬ್ತಿಹಾಲ್ ತಲೆ ಎತ್ತಿದಳು. "ನೀರಿನ ದಿನ ಅತ್ತೆ. ಇವತ್ತು ಈ ಬೀದಿಲಿ ಎಲ್ಲರ ತಲೆನೂ ಒದ್ದೆನೇ."

"ಎಲ್ಲರೂ ತೊಳ್ಕೊಂಡು ಫೋನ್ ಮುಂದೆ ಕೂರಲ್ಲ."

"ಅಲ್ಲಿ ಕೂತ್ರೆ ನಿಮ್ಮ ಮೊಮ್ಮಗಳು ಓದ್ತಾಳೆ. ಬೇಡ ಅಂದ್ರೆ ಹೇಳಿ, ಏಳ್ತೀನಿ."

ಬಯಾನ್ ಮೊಸರಿನ ಡಬ್ಬ ತಿರುಗಿಸಿ, "ತಣ್ಣಗಿರುವ ಜಾಗದಲ್ಲಿಡಿ" ಎಂದು ಅದರ ಮೇಲಿದ್ದದ್ದನ್ನು ಜೋರಾಗಿ ಓದಿದಳು. ಹುಡುಗಿ ಆ ದಿನಗಳಲ್ಲಿ ಕಂಡದ್ದನ್ನೆಲ್ಲ ಓದುತ್ತಿದ್ದಳು: ತುಪ್ಪದ ಡಬ್ಬ, ಅತ್ತೆಯ ಮಾತ್ರೆಯ ಪೊಟ್ಟಣ, ಕಟುಕನ ಅಂಗಡಿಯ ಬೋರ್ಡು. ಅತ್ತೆಗೆ ಒಳಗೊಳಗೇ ಖುಷಿ, ನನಗೆ ಕಾಣುತ್ತಿತ್ತು. ಆದರೆ ಖುಷಿಪಟ್ಟರೆ ಅನುಮಾನ ಸಡಿಲವಾಗುತ್ತದಲ್ಲ. ಅದಕ್ಕೇ ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದರು.

ಆ ವಾರವೇ ಅತ್ತೆ ಮಗನನ್ನು ಹಿಡಿದು ಕೂರಿಸಿಕೊಂಡರು.

"ಈ ಮನೇಲಿ ಗಂಡಸು ಅಂತ ಇರೋದು ನೀನೊಬ್ಬ. ಆ ಮೇಷ್ಟ್ರು ಯಾರು, ಮದುವೆ ಆಗಿದೆಯಾ, ಮನೆತನ ಯಾವುದು, ವಿಚಾರಿಸಿದೀಯಾ?"

"ಮಕ್ಕಳ ಕಾರ್ಯಕ್ರಮ ಯಮ್ಮಾ. ಅವರ ಮನೆತನ ಕಟ್ಕೊಂಡು ನಂಗೇನು?"

"ನಾಳೆ ಮಗುನ ಕರ್ಕೊಂಡು ಹೋಗ್ತಾರೆ, ಆಗ ಹೇಳು ನಂಗೇನು ಅಂತ."

ಗಾಲಿಬ್ ನನ್ನ ಮುಖ ನೋಡಿದ. ನಾನು ಅಕ್ಕಿ ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ. ಯಾರ ಕಡೆ ಹೇಳಿದರೂ ಬೈಸಿಕೊಳ್ಳುವವಳು ನಾನೇ.

ಅಷ್ಟರಲ್ಲಿ ಒಂದು ಫೋನು ಬಂತು. ಊರಿನ ಹಳೆಯ ಹೆಡ್‌ಮಾಸ್ಟರ್ ಅಬೂ ಅದ್ನಾನ್, ಗಾಲಿಬನಿಗೆ ಅಕ್ಷರ ಕಲಿಸಿದವರು. "ಗುರುವಾರ ಅಸರ್ ಆದ್ಮೇಲೆ ನಿಮ್ಮನೇಲಿ ಒಂದು ಬಟ್ಟಲು ಕಾಫಿ ಕುಡಿಯೋಣ ಅಂತ. ಜೊತೆಗೆ ಒಬ್ಬರು ಅತಿಥಿ ಇರ್ತಾರೆ. ಉಸ್ತಾದ್ ಸುಫ್ಯಾನ್ ಅಂತ, ಅಮ್ಮಾನಿನವರು. ಬಂದು ಮಾತಾಡ್ತೀವಿ" ಎಂದರು. ನಮ್ಮಲ್ಲಿ ಹಿರಿಯರು ಹೀಗೆ ಫೋನು ಮಾಡಿ, ಕಾರಣ ಹೇಳದೆ, ಒಬ್ಬ ಗಂಡಸನ್ನು ಕರೆದುಕೊಂಡು ಬರುತ್ತೇವೆ ಎಂದರೆ ಅದು ಯಾಕೆಂದು ಎಳೆಮಗುವಿಗೂ ಗೊತ್ತು. ಹೆಣ್ಣು ಕೇಳಲು.

"ನೋಡಿದ್ಯಾ?" ಎಂದರು ಅತ್ತೆ.

ನಾನು ಮೇಲೆ ಹೋಗಿ ಇಬ್ತಿಹಾಲಳನ್ನು ಸುಮ್ಮನೆ ಕೆಣಕಿದೆ. "ಗುರುವಾರ ಯಾರೋ ಬರ್ತಾರಂತೆ."

ಅವಳ ಮುಖ ಕೆಂಪಾಯಿತು. "ಗೊತ್ತು ಉಮ್ಮ್ ಮಾಲಿಕ್. ನಾನೇ ಹೇಳಿದ್ದು, ಮನೆ ಹಿರಿಯರನ್ನ ಕೇಳಿ ಅಂತ. ನಾನು ಕೇಳಿದ್ರೆ ಅತ್ತೆ ಬೇಡ ಅಂತಾರೆ. ದೊಡ್ಡವರು ಬಂದು ಕೇಳಿದ್ರೆ ಇಲ್ಲ ಅನ್ನಲ್ಲ, ಅಲ್ವಾ?"

ಕೇಳುವುದು ಏನನ್ನು ಎಂದು ನಾನು ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. ಇನ್ನು ಕೇಳುವುದೇನಿದೆ ಎಂದುಕೊಂಡು ಇಳಿದು ಬಂದೆ.

ಗುರುವಾರ ಬಂತು. ಇಬ್ತಿಹಾಲ್ ಬೆಳಗ್ಗೆಯೇ ಮಗಳ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ತಾನೂ ಕಂದು ಬಣ್ಣದ ಒಳ್ಳೆಯ ನಿಲುವಂಗಿ ತೊಟ್ಟಳು. ಅತ್ತೆ ಅದನ್ನು ಮೇಲಿಂದ ಕೆಳಗೆ ನೋಡಿ ಒಂದು ಮಾತೂ ಆಡದೆ ಕಾಫಿಗೆ ಏಲಕ್ಕಿ ಕುಟ್ಟಿದರು. ಅಷ್ಟು ಜೋರಾಗಿ ಕುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಬಂದವರು ಮೂವರು. ಅಬೂ ಅದ್ನಾನ್ ಮುಂದೆ, ಉಸ್ತಾದ್ ಸುಫ್ಯಾನ್ ಹಿಂದೆ, ಕೊನೆಯಲ್ಲಿ ಕಾರಿನ ಚಾಲಕ, ಅವನ ಕೈಯಲ್ಲಿ ದೊಡ್ಡ ತಟ್ಟೆ ಕುನಾಫ. ಸಿಹಿ ಬೇರೆ ತಂದಿದ್ದಾರೆ! ಅತ್ತೆ ವಯಸ್ಸಾದವರು, ಗಂಡಸರ ನಡುವೆಯೇ ಕೂತರು. ನಾನು, ಇಬ್ತಿಹಾಲ್, ಬಯಾನ್ ಅಡಿಗೆಮನೆಯಲ್ಲಿ. ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ, ಅದರ ಸಂದಿಯಿಂದ ಎಲ್ಲ ಕಾಣುತ್ತಿತ್ತು.

ಗಾಲಿಬ್ ಕಹಿ ಕಾಫಿ ಬಗ್ಗಿಸಿ ಕೊಟ್ಟ. ಉಸ್ತಾದ್ ಸುಫ್ಯಾನ್ ಬಟ್ಟಲು ತೆಗೆದುಕೊಂಡ, ತುಟಿಗೆ ತಾಗಿಸದೆ ಮುಂದಿನ ಪುಟ್ಟ ಮೇಜಿನ ಮೇಲಿಟ್ಟ. ಬೇಡಲು ಬಂದವರು ಮಾಡುವುದೇ ಹೀಗೆ. ಮನೆಯವರು ಆಗಲಿ ಎನ್ನುವವರೆಗೆ ಆ ಕಾಫಿಯನ್ನು ಮುಟ್ಟುವುದಿಲ್ಲ. ಗಾಲಿಬ್ ಗಂಟಲು ಸರಿಮಾಡಿಕೊಂಡ. ಏನು ಬೇಕು ಹೇಳಿ ಎಂದು ಅವನು ಕೇಳಬೇಕು, ಅದು ಪದ್ಧತಿ. ಅತ್ತೆ ಅದಕ್ಕೂ ಬಿಡಲಿಲ್ಲ.

"ಕಾಫಿ ಆರೋಕೆ ಬಿಡ್ಬೇಡ" ಎಂದರು ಅತಿಥಿಯ ಕಡೆ ತಿರುಗಿ. "ಈ ಮನೇಲಿ ಕೊಡೋ ಹೆಣ್ಣಿಲ್ಲ."

"ಹಜ್ಜಾ..." ಎಂದರು ಅಬೂ ಅದ್ನಾನ್.

"ನೀವು ಸುಮ್ನಿರಿ ಮೇಷ್ಟ್ರೇ, ನಿಮ್ಮ ಗಡ್ಡಕ್ಕೆ ಮರ್ಯಾದೆ ಕೊಟ್ಟು ಹೇಳ್ತಿದೀನಿ. ಅವಳು ನನ್ನ ಸತ್ತ ಮಗನ ಹೆಂಡ್ತಿ. ಸೋಮವಾರ ಸೋಮವಾರ ಬಾಗಿಲು ಹಾಕ್ಕೊಂಡು ನಗೋದು ನಂಗೆ ಕೇಳಿಸ್ತಿರ್ಲಿಲ್ಲ ಅಂದ್ಕೊಂಡ್ರಾ? ಅವಳಿಗೆ ಹೋಗ್ಬೇಕು ಅಂತಿದ್ರೆ ಹೋಗ್ಲಿ. ಒಬ್ಳೇ ಹೋಗ್ಲಿ. ಮಗುನ ಮಾತ್ರ ಕೋರ್ಟಲ್ಲ, ಕೋರ್ಟಿನಪ್ಪ ಬಂದ್ರೂ ಬಿಡಲ್ಲ ನಾನು."

ಅಡಿಗೆಮನೆಯಲ್ಲಿ ಇಬ್ತಿಹಾಲ್ ಕೈಯಲ್ಲಿದ್ದ ಕುನಾಫದ ಚೂರಿ ಹಾಗೇ ನಿಂತಿತು.

ಆಚೆ ಉಸ್ತಾದ್ ಸುಫ್ಯಾನ್ ಒಮ್ಮೆ ಅತ್ತೆಯನ್ನು, ಒಮ್ಮೆ ಬಟ್ಟಲನ್ನು ನೋಡುತ್ತಿದ್ದ. "ಹಜ್ಜಾ, ನನ್ನ ಹೆಂಡ್ತಿನೂ ಜೊತೆಗೇ ಬಂದಿದಾಳೆ, ಇಲ್ಲಿನ ಶಾಲೇಲಿ ಟೀಚರುಗಳ ಹತ್ರ ಕೂತಿದಾಳೆ. ನಾನು... ನಾವು ಬಂದಿದ್ದು ಬಯಾನ್ ವಿಷಯಕ್ಕೆ. ಕೊನೇ ಸೋಮವಾರ ಒಂದಿಷ್ಟು ಮಕ್ಕಳು ಮುಖ ತೋರಿಸಿ ಓದ್ತಾರೆ, ತಂದೆ ತಾಯಂದಿರೆಲ್ಲ ನೋಡ್ತಾರೆ. ಮಗು ಮುಖ ತೋರಿಸೋಕೆ ಮನೆ ಹಿರಿಯರ ಒಪ್ಪಿಗೆ ಬೇಕು. ಹಳೇ ಪದ್ಧತಿ ಮನೆ ಅಂದ್ರು ಅಬೂ ಅದ್ನಾನ್. ಅದಕ್ಕೇ ಮರ್ಯಾದೆಯಿಂದ ಕೇಳೋಣ ಅಂತ ಬಟ್ಟಲು ಇಟ್ಟೆ."

ಅಬೂ ಅದ್ನಾನ್ ಹಣೆ ಒರೆಸಿಕೊಂಡರು. "ತಪ್ಪು ನಂದು. ಫೋನಲ್ಲೇ ಹೇಳ್ಬೇಕಿತ್ತು."

"ಕುಡೀರಿ, ಕುಡೀರಿ" ಎಂದ ಗಾಲಿಬ್, ಕಿವಿಯವರೆಗೂ ಕೆಂಪಾಗಿ. "ನೀವು ಕೇಳಿದ್ದು ಆಯ್ತು ಅಂದ್ಕೊಳ್ಳಿ. ಮುಖ ತಾನೇ, ತೋರಿಸ್ಲಿ."

ಉಸ್ತಾದ್ ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಆ ಹೊತ್ತಿಗೆ ಬಯಾನ್ ತಾಯಿಯ ನಿಲುವಂಗಿಯ ತೋಳು ಹಿಡಿದು ಎಳೆಯುತ್ತಿದ್ದಳು.

"ಅಮ್ಮ, ನೀನು ಒಬ್ಳೇ ಹೋಗ್ತೀಯಾ?"

ಅತಿಥಿಗಳು ಹೋದ ಮೇಲೆ ಇಬ್ತಿಹಾಲ್ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಒಳ್ಳೆಯದಿತ್ತು. ಅವಳು ಬಟ್ಟಲು ತೊಳೆದಳು, ಒರೆಸಿದಳು, ತಟ್ಟೆ ತೊಳೆದಳು, ಮಗಳನ್ನು ಕರೆದುಕೊಂಡು ಮೇಲೆ ಹೋದಳು. ಮಾರನೆಯ ದಿನ ಶುಕ್ರವಾರ. ಕೆಳಗೆ ಮನ್ಸಫ್ ಮಾಡಿದ್ದೆವು, ಕುರಿಮಾಂಸ, ಹುಳಿಮೊಸರಿನ ಸಾರು, ಅನ್ನ. ಅವರಿಬ್ಬರೂ ಇಳಿಯಲಿಲ್ಲ. ಮೇಲಿನ ಒಲೆಯಿಂದ ಮೊಟ್ಟೆ ಹುರಿದ ವಾಸನೆ ಬಂತು. ಆ ಮನೆಯಲ್ಲಿ ಅವಳು ಬೇರೆ ಒಲೆ ಹಚ್ಚಿದ್ದು ಅದೇ ಮೊದಲು.

"ಕರಿಯೇ" ಎಂದರು ಅತ್ತೆ.

"ಕರೆದೆ ಅತ್ತೆ. ಹಸಿವಿಲ್ಲ ಅಂದ್ಲು."

"ಮಗುಗೂ ಹಸಿವಿಲ್ವಾ?"

"ಅಮ್ಮನ್ನ ಬಿಟ್ಟು ಬರಲ್ಲ ಅಂತಾಳೆ ಅದು. ಬಚ್ಚಲಿಗೆ ಹೋದ್ರೂ ಹಿಂದೇನೇ ಹೋಗುತ್ತೆ."

ಗಾಲಿಬ್ ಎಂದೂ ತಾಯಿಗೆ ಎದುರಾಡಿದವನಲ್ಲ. ಆವತ್ತು ಊಟದ ತಟ್ಟೆಯಿಂದ ಕೈ ತೆಗೆದ. "ಯಮ್ಮಾ, ಅಷ್ಟು ವಾರ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿಸ್ಕೊಂಡ್ರಿ. ಒಂದು ಸಲ ಅವಳನ್ನೇ ಕೇಳ್ಬಾರದಿತ್ತಾ?"

"ಕೇಳಿದ್ರೆ ನಿಜ ಹೇಳ್ತಿದ್ಲಾ?"

"ಈಗ ನಿಜ ಗೊತ್ತಾಯ್ತಲ್ಲ, ಏನು ಬಂತು?"

ಅತ್ತೆ ನನ್ನ ಕಡೆ ತಿರುಗಿ, "ನೀನಾದ್ರೂ ಸರಿಯಾಗಿ ನೋಡ್ಕೊಂಡು ಬರಬಾರದಿತ್ತಾ" ಎಂದರು. ಸರಿ, ಕೊನೆಗೆ ಎಲ್ಲ ನನ್ನ ತಲೆಗೇ. ನಾನೂ ಎದ್ದು ಹೋದೆ. ನನ್ನ ಹಿರಿಯವನು ಮಾಲಿಕ್ ಒಬ್ಬನೇ ನೆಮ್ಮದಿಯಾಗಿ ಎರಡನೇ ಸಲ ಮಾಂಸ ಬಡಿಸಿಕೊಂಡ.

ಆ ಕೊನೆಯ ಸೋಮವಾರ ನೀರು ಬಂತು. ಇಬ್ತಿಹಾಲ್ ಯಾರ ಬಟ್ಟೆಯನ್ನೂ ಬಿಡದೆ ಒಗೆದು ಹಾಕಿದಳು, ಅತ್ತೆಯದನ್ನೂ. ಅಸರ್ ಆಯಿತು. ಸ್ವಲ್ಪ ಹೊತ್ತಿಗೆ ಅವಳೇ ನಮ್ಮ ಬಾಗಿಲಿಗೆ ಬಂದಳು.

"ಉಮ್ಮ್ ಮಾಲಿಕ್, ಒಂದ್ನಿಮಿಷ ಬರ್ತೀಯಾ? ಬಯಾನ್ ಪಟ್ಟಿ ತೆಗೆಯೋಕೆ ಬಿಡ್ತಿಲ್ಲ. ಓದಲ್ಲ ಅಂತಾಳೆ."

ಈ ಸಲ ಬಾಗಿಲು ತೆರೆದೇ ಇತ್ತು. ಬಯಾನ್ ಬಿಳಿ ಅಂಗಿ ತೊಟ್ಟು ಫೋನಿನ ಮುಂದೆ ಕೂತಿದ್ದಳು, ಎರಡೂ ಕೈ ಕ್ಯಾಮೆರಾದ ಮೇಲೆ. ಪರದೆಯಲ್ಲಿ ಬೇರೊಬ್ಬ ಹುಡುಗ ಓದುತ್ತಿದ್ದ.

"ನಿನ್ನ ಸರದಿ ಬರುತ್ತೆ ಈಗ. ಕೈ ತೆಗಿ ಕಂದ" ಎಂದೆ.

"ತೆಗೆದ್ರೆ ಅಮ್ಮ ಕಾಣಿಸ್ತಾಳೆ. ಅಜ್ಜಿ ಬೈತಾರೆ. ಆಮೇಲೆ ಅಮ್ಮನ್ನ ಕಳಿಸ್ಬಿಡ್ತಾರೆ."

"ಹಾಗೆಲ್ಲ ಇಲ್ಲ ಮಗಳೇ."

"ಅಜ್ಜಿನೇ ಹೇಳಿದ್ರು. ನಾನು ಕೇಳಿಸ್ಕೊಂಡೆ."

ನಾನು ಇಳಿದು ಹೋಗಿ ಅತ್ತೆಗೆ ಇದನ್ನೂ ಇದ್ದ ಹಾಗೆಯೇ ಹೇಳಿದೆ. ಮಂಡಿನೋವಿನ ಹೆಂಗಸು, ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು, ಮೇಲಿನ ಮನೆಯವರೆಗೆ ಹತ್ತಿದರು. ಒಳಗೆ ಬಂದು ಮಗುವಿನ ಪಕ್ಕದ ಹಾಸಿಗೆಯ ಮೇಲೆ ಕೂತು ಉಸಿರು ಬಿಟ್ಟರು. ಬಯಾನ್ ತಾಯಿಗೆ ಅಂಟಿಕೊಂಡಳು.

"ಬಾ ಇಲ್ಲಿ" ಎಂದರು ಅತ್ತೆ.

ಮಗು ಬರಲಿಲ್ಲ.

"ಕೈ ತೆಗಿ ಮಗಳೇ. ನಾನು ಇಲ್ಲೇ ಕೂತಿರ್ತೀನಿ. ಯಾರೂ ಯಾರನ್ನೂ ಕಳಿಸಲ್ಲ. ಓದು, ನಿನ್ನಜ್ಜಿ ಕೇಳ್ಬೇಕು."

"ಅಮ್ಮನೂ ಕಾಣಿಸ್ಬಹುದಾ?"

ಅತ್ತೆ ತಮ್ಮ ತಲೆವಸ್ತ್ರ ಸರಿಮಾಡಿಕೊಂಡರು. "ಕಾಣಿಸ್ಲಿ" ಎಂದರು.

ಬಯಾನ್ ಪಟ್ಟಿ ಕಿತ್ತಳು. ಪರದೆಯ ಮೂಲೆಯ ಒಂದು ಚೌಕದಲ್ಲಿ ಮೂವರೂ ಕಾಣಿಸಿದರು: ನಡುವೆ ಮಗು, ಒಂದು ಕಡೆ ತಾಯಿ, ಇನ್ನೊಂದು ಕಡೆ ಬಿಳಿ ತಲೆವಸ್ತ್ರದ ಅಜ್ಜಿ, ಅವರ ಒಂದು ಕೈ ಮಗುವಿನ ಭುಜದ ಮೇಲೆ. ಉಸ್ತಾದ್ ಸುಫ್ಯಾನ್ ಅತ್ತೆಗೆ ಸಲಾಂ ಹೇಳಿದ. ಅತ್ತೆ ಗಂಭೀರವಾಗಿ, ಎದುರಿಗೇ ಕೂತಿದ್ದಾನೋ ಎಂಬಂತೆ ಉತ್ತರ ಕೊಟ್ಟು, "ಆವತ್ತಿಂದು ಮನಸ್ಸಲ್ಲಿ ಇಟ್ಕೋಬೇಡಿ" ಎಂದರು. ಎಲ್ಲೆಲ್ಲಿಯವರೋ ಆ ಮಾತು ಕೇಳಿದರು. ಆವತ್ತಿಂದು ಏನೆಂದು ಪುಣ್ಯಕ್ಕೆ ಯಾರಿಗೂ ಗೊತ್ತಿರಲಿಲ್ಲ.

ಬಯಾನ್ ಓದಿದಳು. ಎರಡು ಕಡೆ ತಡವರಿಸಿದಳು, ಒಂದು ಸಾಲು ಬಿಟ್ಟು ಹೋಗಿ ಹಿಂದೆ ಬಂದಳು. ಕತೆಯ ಕತ್ತೆ ಕೊನೆಗೆ ನೀರು ಹೊತ್ತಿತು. ಚೌಕಗಳಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಬಾಗಿಲಲ್ಲಿ ನಿಂತಿದ್ದ ನನ್ನ ಮಕ್ಕಳು ಕತ್ತೆಯಂತೆ ಕೂಗುತ್ತ ಕೆಳಗೆ ಓಡಿದರು.

ಪ್ರಸಾರ ಮುಗಿಯಿತು. ಬಯಾನ್ ಫೋನು ಹಿಡಿದು ಮುಂದಿನ ಕತೆಯನ್ನು ಯಾರೂ ಹೇಳದೆಯೇ ಓದತೊಡಗಿದಳು. ಇಬ್ತಿಹಾಲ್ ಏಳಲು ಹೋದಳು.

"ಕೂತ್ಕೋ" ಎಂದರು ಅತ್ತೆ. "ಇವತ್ತು ನಿನ್ನನ್ನೇ ಕೇಳ್ತೀನಿ. ಗಾಲಿಬನ್ನಲ್ಲ, ಇವಳನ್ನಲ್ಲ. ಮದುವೆ ಆಗಿ ಹೋಗ್ತೀಯಾ?"

ಇಬ್ತಿಹಾಲ್ ಮಗಳ ಕಡೆ ನೋಡಿದಳು. ಆಮೇಲೆ ಅತ್ತೆಯ ಕಡೆ.

"ಹೋದ ವಾರ ಕೇಳಿದ್ರೆ ಇಲ್ಲ ಅಂತಿದ್ದೆ ಅತ್ತೆ. ಸಾಯೋವರೆಗೂ ಇಲ್ಲ ಅಂತಿದ್ದೆ."

"ಈಗ?"

"ಈಗ ಗೊತ್ತಿಲ್ಲ."

ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಅತ್ತೆಗೆ ಜಗಳ ಆಡಲು ಬರುತ್ತಿತ್ತು. ಬಯಾನ್ ಓದುತ್ತಲೇ ಇದ್ದಳು. ಅತ್ತೆ ಮಗುವಿನ ಭುಜದ ಮೇಲಿಟ್ಟಿದ್ದ ಕೈಯನ್ನು ನಿಧಾನವಾಗಿ ತೆಗೆದು ತಮ್ಮ ಮಡಿಲಿನಲ್ಲಿ ಇಟ್ಟುಕೊಂಡರು.